ಮಗುವಿನ ಅಪರಾಧ, ಊರಿನ ಹೊಣೆ

ಬಾಲಾಪರಾಧದ ಚರ್ಚೆ ಸಾಮಾನ್ಯವಾಗಿ ವಯಸ್ಸಿನ ಗೆರೆಯಿಂದ ಶುರುವಾಗುತ್ತದೆ. ಹದಿನಾಲ್ಕೋ, ಹದಿನಾರೋ, ಹದಿನೆಂಟೋ ಎಂಬುದು ತೀರ್ಮಾನವಾದರೆ ಉಳಿದದ್ದೆಲ್ಲ ತಾನಾಗಿ ಬಗೆಹರಿಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಗೆರೆ ಎಳೆಯುವವರು ಯಾರು, ಮಗುವನ್ನು ಆ ಗೆರೆಯಾಚೆ ಕಳಿಸಿದವರು ಮುಂದೆ ಆಗುವುದಕ್ಕೆ ಉತ್ತರ ಕೊಡಬೇಕಾದವರೇ ಎಂಬ ಪ್ರಶ್ನೆಯೂ ಅಷ್ಟೇ ಮೂಲಭೂತವಾದದ್ದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ದಶಕಗಳಿಂದ ನಡೆದಿರುವ ವಾದ ಈ ಎರಡನೆಯ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ. ಅಲ್ಲಿ ಮಗುವಿನ ಮೇಲಿನ ಅಧಿಕಾರವೇ ಇಬ್ಭಾಗವಾಗಿದೆ.

ಸುಮಾರು ಏಳು ಲಕ್ಷ ಜನರ ಈ ನಗರಕ್ಕೆ 1973ರ ಸ್ವಯಮಾಡಳಿತ ಕಾಯ್ದೆಯಿಂದ ಚುನಾಯಿತ ಮೇಯರ್ ಮತ್ತು 13 ಸದಸ್ಯರ ಕೌನ್ಸಿಲ್ ದೊರೆತವು. ಆದರೂ ಕೌನ್ಸಿಲ್ ಮಾಡಿದ ಕಾನೂನನ್ನು ರದ್ದುಮಾಡುವ ಅಧಿಕಾರ ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಉಳಿದಿದೆ. ಆ ಕಾಂಗ್ರೆಸ್ಸಿನಲ್ಲಿ ನಗರವಾಸಿಗಳ ಪರವಾಗಿ ಮತ ಹಾಕುವ ಒಬ್ಬ ಸದಸ್ಯರೂ ಇಲ್ಲ. ಬಾಲಾಪರಾಧದ ಪ್ರಕರಣಗಳನ್ನು ನಗರದ ಚುನಾಯಿತ ಅಟಾರ್ನಿ ಜನರಲ್ ನಡೆಸುತ್ತಾರೆ. ಆದರೆ ಕೊಲೆ, ಆಯುಧ ಹಿಡಿದು ಮಾಡಿದ ದರೋಡೆಯಂಥ ಕೆಲವು ಗಂಭೀರ ಆರೋಪಗಳಿದ್ದಲ್ಲಿ 16 ಮತ್ತು 17ರ ವಯಸ್ಸಿನವರನ್ನು ನೇರವಾಗಿ ವಯಸ್ಕರ ನ್ಯಾಯಾಲಯಕ್ಕೆ ಒಯ್ಯುವ ಅಧಿಕಾರ, ರಾಷ್ಟ್ರಾಧ್ಯಕ್ಷರಿಂದ ನೇಮಕವಾಗುವ ಪ್ರಾಸಿಕ್ಯೂಟರ್ ಆದ ಯು.ಎಸ್. ಅಟಾರ್ನಿಗೆ ಇದೆ.

ಈ ಏರ್ಪಾಟಿಗೆ ಒಂದು ಚರಿತ್ರೆಯಿದೆ. 1961ರಲ್ಲಿ ಇದೇ ನಗರದಲ್ಲಿ ಹದಿನಾರರ ಹುಡುಗನೊಬ್ಬ ದರೋಡೆ ಮತ್ತು ಅತ್ಯಾಚಾರದ ಆರೋಪದ ಮೇಲೆ ಬಂಧಿತನಾದ. ಬಾಲ ನ್ಯಾಯಾಲಯದ ನ್ಯಾಯಾಧೀಶರು ವಿಚಾರಣೆಯಿಲ್ಲದೆ, ಕಾರಣ ಬರೆಯದೆ, ವಕೀಲರಿಗೆ ಹುಡುಗನ ಕಡತ ತೋರಿಸದೆ ಅವನನ್ನು ವಯಸ್ಕರ ನ್ಯಾಯಾಲಯಕ್ಕೆ ಒಪ್ಪಿಸಿದರು. ಅಮೆರಿಕದ ಸುಪ್ರೀಂ ಕೋರ್ಟ್ 1966ರ ಕೆಂಟ್ ಪ್ರಕರಣದ ತೀರ್ಪಿನಲ್ಲಿ ಇದನ್ನು ತಪ್ಪೆಂದಿತು: ಮಗುವನ್ನು ಬಾಲ ನ್ಯಾಯದಿಂದ ಹೊರಗೆ ಕಳಿಸುವ ಮುನ್ನ ಅಹವಾಲು ಕೇಳಬೇಕು, ಕಡತ ತೆರೆಯಬೇಕು, ಕಾರಣ ದಾಖಲಿಸಬೇಕು. ನಾಲ್ಕೇ ವರ್ಷಗಳಲ್ಲಿ, 1970ರಲ್ಲಿ, ಕಾಂಗ್ರೆಸ್ ಡಿ.ಸಿ.ಗೆ ಹೊಸ ಕಾನೂನು ತಂದು, ಕೆಲವು ಗಂಭೀರ ಆರೋಪಗಳಿದ್ದಲ್ಲಿ ಆ ತೀರ್ಮಾನವನ್ನೇ ನ್ಯಾಯಾಧೀಶರ ಕೈಯಿಂದ ತೆಗೆದು ಯು.ಎಸ್. ಅಟಾರ್ನಿಗೆ ಕೊಟ್ಟಿತು. ಆರೋಪ ಯಾವುದೆಂಬುದೇ ಮಗು ಯಾರೆಂಬುದನ್ನು ನಿರ್ಧರಿಸುವಂತಾಯಿತು. 1972ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಈ ಬದಲಾವಣೆಯ ತಾತ್ವಿಕ ದೋಷ ಆಳವಾದದ್ದು. ಆರೋಪ ಎಂಬುದು ಇನ್ನೂ ಸಾಬೀತಾಗದ ಮಾತು. ಅದು ಸಾಬೀತಾದರೂ ಕೃತ್ಯ ಎಷ್ಟು ಘೋರವಾಗಿತ್ತೆಂದಷ್ಟೇ ತಿಳಿಯುತ್ತದೆ. ಮಾಡಿದವನ ಮನಸ್ಸು ಎಷ್ಟು ಮಾಗಿತ್ತೆಂದು ತಿಳಿಯುವುದಿಲ್ಲ. 2005ರ ರೋಪರ್ ತೀರ್ಪಿನಲ್ಲಿ ಅಪ್ರಾಪ್ತ ವಯಸ್ಸಿನ ಅಪರಾಧಿಗಳಿಗೆ ಮರಣದಂಡನೆಯನ್ನು ನಿಷೇಧಿಸಿದಾಗ ಅಮೆರಿಕದ ಸುಪ್ರೀಂ ಕೋರ್ಟ್ ಮೂರು ಸಂಗತಿಗಳನ್ನು ಗಮನಿಸಿತು: ಹದಿಹರೆಯದವರಲ್ಲಿ ದುಡುಕು ಹೆಚ್ಚು, ಸುತ್ತಲಿನವರ ಒತ್ತಡಕ್ಕೆ ಬೇಗ ಬಾಗುವ ಅವರಿಗೆ ಆ ಸುತ್ತಲನ್ನು ಬಿಟ್ಟುಹೋಗುವ ಸ್ವಾತಂತ್ರ್ಯವೂ ಇರುವುದಿಲ್ಲ, ಅವರ ಸ್ವಭಾವ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಎರಡನೆಯ ಸಂಗತಿ ಇಲ್ಲಿ ಮುಖ್ಯ. ಮನೆ, ಬೀದಿ, ಶಾಲೆ ಇವುಗಳನ್ನು ಮಗು ತಾನಾಗಿ ಆರಿಸಿಕೊಂಡಿರುವುದಿಲ್ಲ. ಆದ್ದರಿಂದ ಮಗುವಿನ ಅಪರಾಧದಲ್ಲಿ ಅದರ ಸ್ವಂತ ಪಾಲು ಇದ್ದೇ ಇದ್ದರೂ, ಅದನ್ನು ಬೆಳೆಸಿದ ಊರಿಗೂ ಒಂದು ಪಾಲಿದೆ.

ಹೊಣೆ ಹೀಗೆ ಹಂಚಿಹೋಗಿರುವಾಗ ತೀರ್ಪು ನೀಡುವವರೂ ಆ ಹೊಣೆಯಲ್ಲಿ ಭಾಗಿಗಳಾಗಿರಬೇಕು. ಡಿ.ಸಿ.ಯಲ್ಲಿ ಹಾಗಿಲ್ಲ. ನಗರದ ಸೆರೆಮನೆಯಾಗಿದ್ದ ಲಾರ್ಟನ್ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಗಂಭೀರ ಅಪರಾಧಗಳ ವಯಸ್ಕ ಕೈದಿಗಳು ದೇಶದ ನಾನಾ ರಾಜ್ಯಗಳಲ್ಲಿರುವ ಫೆಡರಲ್ ಸೆರೆಮನೆಗಳಿಗೆ ಹೋಗುತ್ತಾರೆ. ವಯಸ್ಕನೆಂದು ಶಿಕ್ಷೆಗೊಳಗಾದ ಹುಡುಗನ ಮುಂದಿನ ದಾರಿಯೂ ಅದೇ. ಕಳಿಸಿದ ಪ್ರಾಸಿಕ್ಯೂಟರ್ ನಗರದ ಮತದಾರರಿಗೆ ಉತ್ತರಿಸಬೇಕಿಲ್ಲ. ತಾಯಿ ನೋಡಲು ಹೋಗಲಾರದಷ್ಟು ದೂರದಲ್ಲಿ ವರ್ಷಗಳನ್ನು ಕಳೆದು ಆತ ಮರಳುವುದು ಮಾತ್ರ ಅದೇ ಊರಿಗೆ, ಅದೇ ಬೀದಿಗೆ.

ಹೊಣೆ ತನ್ನದೆಂದಾಗ ನಗರ ಏನು ಮಾಡಬಲ್ಲದೆಂಬುದಕ್ಕೂ ಅಲ್ಲೇ ಸಾಕ್ಷ್ಯವಿದೆ. ಮಕ್ಕಳನ್ನಿಡುತ್ತಿದ್ದ ಓಕ್ ಹಿಲ್ ಕೇಂದ್ರದ ದುಃಸ್ಥಿತಿಯ ವಿರುದ್ಧ 1985ರಲ್ಲಿ ದಾವೆ ಹೂಡಲಾಯಿತು. 2009ರಲ್ಲಿ ನಗರ ಅದನ್ನು ಮುಚ್ಚಿ, ಶಿಕ್ಷಣ ಮತ್ತು ಪುನರ್ವಸತಿಗೆ ಒತ್ತುಕೊಡುವ ಹೊಸ ಕೇಂದ್ರ ತೆರೆಯಿತು. 2016ರ ಕಾನೂನಿನಿಂದ ಅಪ್ರಾಪ್ತರನ್ನು ವಯಸ್ಕರ ಜೈಲಿನಿಂದ ಹೊರತರುವ ದಾರಿಯಾಯಿತು. ಅದೇ ಸುಮಾರಿಗೆ ಅಟಾರ್ನಿ ಜನರಲ್ ಕಚೇರಿ, ನೊಂದವರು ಒಪ್ಪಿದಲ್ಲಿ ತಪ್ಪು ಮಾಡಿದ ಮಗುವನ್ನು ಅವರೆದುರು ಕೂರಿಸಿ ಪರಿಹಾರ ಕಂಡುಕೊಳ್ಳುವ ಕ್ರಮವನ್ನು ಆರಂಭಿಸಿತು. ನೊಂದವರಿಗೆ ಅಲ್ಲಿ ಮಾತಿದೆ. ಮಗುವಿಗೆ ತಾನು ಮಾಡಿದ್ದನ್ನು ಕಣ್ಣಾರೆ ಕಾಣುವುದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ತೀರ್ಮಾನ ಊರಿನ ಕೈಯಲ್ಲೇ ಇರಬೇಕೆಂಬ ಈ ವಾದಕ್ಕೆ ಬಲವಾದ ಆಕ್ಷೇಪಣೆಯೂ ಇದೆ. ಹತ್ತಿರದಲ್ಲಿರುವವರೇ ಹೆಚ್ಚು ಭಯಗೊಳ್ಳುತ್ತಾರೆ. 2023ರಲ್ಲಿ ನಗರದಲ್ಲಿ 274 ಕೊಲೆಗಳಾದವು, ಕಾರು ಕಸಿಯುವ ಪ್ರಕರಣಗಳಲ್ಲಿ ಹದಿಹರೆಯದವರು ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿಬಿದ್ದರು. ಸುಧಾರಣೆ ತಂದಿದ್ದ ಕೌನ್ಸಿಲ್ಲೇ 2024ರಲ್ಲಿ ‘ಸೆಕ್ಯೂರ್ ಡಿ.ಸಿ.’ ಎಂಬ ಬಿಗಿ ಕಾನೂನು ತಂದಿತು. 2025ರಲ್ಲಿ ಮಕ್ಕಳ ಮೇಲಿನ ರಾತ್ರಿ ನಿರ್ಬಂಧವನ್ನು ಬಿಗಿಗೊಳಿಸಿತು. ಮಗನನ್ನು ಕಳೆದುಕೊಂಡ ಮನೆಯವರಿಗೆ ಸುರಕ್ಷತೆ ಕೇಳುವ ಪೂರ್ಣ ಹಕ್ಕಿದೆ. ಅದನ್ನು ಬರೀ ಆವೇಶವೆಂದು ತಳ್ಳಿಹಾಕುವಂತಿಲ್ಲ.

ಆದರೂ ಈ ಆಕ್ಷೇಪಣೆ ಅಧಿಕಾರವನ್ನು ದೂರಕ್ಕೆ ಒಯ್ಯಬೇಕೆಂಬುದನ್ನು ಸಮರ್ಥಿಸುವುದಿಲ್ಲ. ದೂರದವರಿಗೂ ಭಯವಿದೆ, ಆದರೆ ಅದನ್ನು ತಿದ್ದುವ ಅನುಭವ ಅವರಿಗೆ ಸಿಗುವುದಿಲ್ಲ. 2024ರಲ್ಲಿ ಡಿ.ಸಿ.ಯ ಕೊಲೆಗಳು 187ಕ್ಕೆ ಇಳಿದವು. ಇಳಿಕೆಗೆ ಯಾವ ಒಂದು ಕಾನೂನನ್ನೂ ಕಾರಣವೆನ್ನಲಾಗದು. ಹೀಗಿದ್ದೂ 2025ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನ ಕೆಳಮನೆ, ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದಾದ ವಯಸ್ಸನ್ನು ಆ ನಗರಕ್ಕೆ ಮಾತ್ರ 14ಕ್ಕೆ ಇಳಿಸುವ ಮಸೂದೆಯನ್ನು ಅಂಗೀಕರಿಸಿತು. ಕೌನ್ಸಿಲ್ ತಪ್ಪು ಮಾಡಿದರೆ ವಾರ್ಡಿನ ಜನ ಪ್ರಶ್ನಿಸುತ್ತಾರೆ, ಕಾನೂನು ಮತ್ತೆ ಚರ್ಚೆಗೆ ಬರುತ್ತದೆ. ಮತವಿಲ್ಲದವರ ಮಕ್ಕಳ ಬಗ್ಗೆ ಮಾಡಿದ ತಪ್ಪಿಗೆ ಅಂಥ ತಿದ್ದುಪಡಿಯ ದಾರಿ ಇಲ್ಲ. ಊರಿನ ಆವೇಶಕ್ಕೆ ಬೇಕಾದ ಕಡಿವಾಣವೆಂದರೆ ಯಾವ ಊರೂ ಮುರಿಯಲಾಗದ ಹಕ್ಕುಗಳ ತಳಹದಿ. ಕೆಂಟ್ ತೀರ್ಪು ಕೊಟ್ಟದ್ದು ಅದನ್ನೇ.

ಭಾರತದ 2015ರ ಬಾಲ ನ್ಯಾಯ ಕಾಯ್ದೆ ಇದೇ ಸಮಸ್ಯೆಗೆ ಬೇರೆ ಉತ್ತರ ಕೊಟ್ಟಿದೆ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರದ ಆಕ್ರೋಶದಲ್ಲಿ ರೂಪುಗೊಂಡ ಈ ಕಾಯ್ದೆ, 16ರಿಂದ 18ರೊಳಗಿನವರನ್ನು ಘೋರ ಅಪರಾಧಗಳಿಗೆ ವಯಸ್ಕರಂತೆ ವಿಚಾರಿಸಲು ಅವಕಾಶ ಕೊಟ್ಟಿತು. ಆದರೆ ಬಾಗಿಲನ್ನು ಪ್ರಾಸಿಕ್ಯೂಟರ್ ಕೈಗೆ ಕೊಡಲಿಲ್ಲ. ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿ, ಮಗುವಿನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ ಇವುಗಳ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಕರ್ನಾಟಕದ ಜಿಲ್ಲೆಗಳಲ್ಲಿ ಈ ಕೆಲಸ ಮಂಡಳಿಗಳದು. ಮೌಲ್ಯಮಾಪನ ಕಾಟಾಚಾರವಾದರೆ ಈ ರಕ್ಷಣೆ ಕಾಗದದಲ್ಲೇ ಉಳಿಯುತ್ತದೆ. ಆದರೆ ಮಗುವನ್ನು ನೋಡಿ ತೀರ್ಮಾನಿಸಬೇಕೆಂಬ ತತ್ವ ಕಾನೂನಿನಲ್ಲಿ ಉಳಿದಿದೆ.

ಇದರಿಂದ ಬಾಲ ನ್ಯಾಯಕ್ಕೆ ಮೂರು ಷರತ್ತುಗಳು ಹೊರಡುತ್ತವೆ. ಮಗುವನ್ನು ವಯಸ್ಕನೆಂದು ಎಣಿಸುವ ತೀರ್ಮಾನ ಅಹವಾಲಿನ ನಂತರ, ಕಾರಣಸಹಿತ ಆಗಬೇಕು. ಆ ತೀರ್ಮಾನದ ನಿಯಮ ರೂಪಿಸುವವರು ಅದರ ಫಲದೊಡನೆ ಬದುಕುವ ಜನರಿಗೆ ಉತ್ತರಿಸುವವರಾಗಿರಬೇಕು. ಮಗುವಿನ ಮೂಲ ಹಕ್ಕುಗಳು ಯಾವ ಬಹುಮತಕ್ಕೂ ಎಟುಕದಂತಿರಬೇಕು. ವಯಸ್ಸಿನ ಗೆರೆ ಎಲ್ಲಿರಬೇಕೆಂಬ ವಾದ ಅಗತ್ಯವೇ. ಈ ಮೂರೂ ಇಲ್ಲದ ಕಡೆ ಆ ಗೆರೆ ಎಲ್ಲಿದ್ದರೂ ಅನ್ಯಾಯ ತಪ್ಪದು.