ಗೆದ್ದವರ ಮೇಲಿನ ಅನುಮಾನ



2021ರ ಜೂನ್‌ನಲ್ಲಿ ಬೆಂಗಳೂರಿನ ನಿಖಿಲ್ ಕಾಮತ್ ಆನ್‌ಲೈನ್ ಚೆಸ್‌ನಲ್ಲಿ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದರು. ಮರುದಿನವೇ ಕಂಪ್ಯೂಟರ್ ನೆರವು ಪಡೆದದ್ದನ್ನು ಒಪ್ಪಿಕೊಂಡರು. ಮುಚ್ಚಿದ್ದ ಅವರ ಖಾತೆ ಮತ್ತೆ ತೆರೆಯಿತು.

ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿ ಪಾಡು ಬೇರೆ. ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಇವರ ಆನ್‌ಲೈನ್ ಆಟದ ಮೇಲೆ ಬಹಿರಂಗವಾಗಿ ಅನುಮಾನ ಎತ್ತುತ್ತಲೇ ಇದ್ದರು. ಇವರು ಅಲ್ಲಗಳೆದರು, ಮೋಸ ಸಾಬೀತಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ, 29ನೇ ವಯಸ್ಸಿಗೇ, ತೀರಿಕೊಂಡರು.

ಕೊಡದ್ದನ್ನು ತೆಗೆದುಕೊಳ್ಳಬಾರದೆಂಬ ಶೀಲ ಆಡುವವರಿಗೆ, ಸರಿ. ಪುರಾವೆಯಿಲ್ಲದೆ ಅನುಮಾನ ಹರಡುವವರಿಗೆ? ನಾನಂತೂ ಅದನ್ನು ಮುಸಾವಾದದ ಪಕ್ಕದಲ್ಲೇ ಇಡುತ್ತೇನೆ. ಬೈಲಹೊಂಗಲ, ಸವದತ್ತಿ ಕಡೆ ನಮ್ಮ ಓಣಿಯ ಹುಡುಗಿ ಹೆಚ್ಚು ಅಂಕ ತಂದರೆ ‘ಕಾಪಿ ಹೊಡದಿರಬೇಕು’ ಅನ್ನುವವರನ್ನು ನಾವೆಲ್ಲ ಬಲ್ಲೆವು. ಅಷ್ಟೇ ಅಂಕ ಗೌಡರ ಮಗ ತಂದರೆ ಪೇಢೆ ಹಂಚುತ್ತಾರೆ.