‘ಎಷ್ಟು ಬರೀಬೇಕ್ರಿ ಸರ್?’

ಇಂಗ್ಲಿಷ್ ಪ್ರಬಂಧದ ಮಾತು ಬಂದೊಡನೆ ತಳಕಲ್ ಕಡೆಯ ಹುಡುಗರು ಮೊದಲು ಕೇಳುವುದು ‘ಎಷ್ಟು ಬರೀಬೇಕ್ರಿ ಸರ್?’ ಎಂದು. ಏನು ಬರೆಯಬೇಕೆಂಬುದು ಆಮೇಲಿನ ಮಾತು. ನಕ್ಕು ತಳ್ಳಿಹಾಕುವ ಮೇಷ್ಟ್ರುಗಳಿದ್ದಾರೆ. ನನಗೆ ಮಾತ್ರ ಅದರಲ್ಲಿ ನ್ಯಾಯದ ಪ್ರಶ್ನೆಯೊಂದು ಕೇಳಿಸುತ್ತದೆ.

ಮೊದಲು ಲೆಕ್ಕ ಹಾಕೋಣ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕಕ್ಕೆ. ಪ್ರಶ್ನೆಪತ್ರಿಕೆ ಓದುವ ಸಮಯವೂ ಸೇರಿ 3 ಗಂಟೆ. ಒಂದು ಅಂಕಕ್ಕೆ ಸುಮಾರು ಎರಡು ನಿಮಿಷ. ನಾಲ್ಕೈದು ಅಂಕದ ಪ್ರಬಂಧಕ್ಕೆ ಸಿಗುವುದು ಹತ್ತು ನಿಮಿಷದ ಆಸುಪಾಸು. ಯೋಚನೆಗೆ ಎರಡು ನಿಮಿಷ, ತಿರುಗಿ ಓದಲು ಒಂದು ನಿಮಿಷ ಕಳೆದರೆ ಹತ್ತು ಹನ್ನೆರಡು ವಾಕ್ಯ ಆದೀತು. ಅಷ್ಟರಲ್ಲಿ ಎರಡು ಪುಟ ತುಂಬಿಸಿದವನು ಬಹುಪಾಲು ಗೈಡಿನ ಬಾಯಿಪಾಠವನ್ನೇ ಇಳಿಸಿರುತ್ತಾನೆ.

ಬಾಯಿಪಾಠವನ್ನು ನಾನು ಹೀಗಳೆಯಲಾರೆ. ಮನೆಯಲ್ಲಿ, ಓಣಿಯಲ್ಲಿ, ಸಂತೆಯಲ್ಲಿ ಎಲ್ಲೂ ಇಂಗ್ಲಿಷ್ ಕಿವಿಗೆ ಬೀಳದ ಮಗುವಿಗೆ ಅದೇ ಊರುಗೋಲು. ಮಗ್ಗಿ, ವಚನ ನಮಗೂ ಹಾಗೆಯೇ ಬಂದವು. ಆದರೆ ‘ನನ್ನ ಹವ್ಯಾಸ’ ಎಂಬ ಪ್ರಬಂಧದಲ್ಲಿ ಅಂಚೆಚೀಟಿಯ ಆಲ್ಬಮ್ಮನ್ನೇ ಕಾಣದ ಹುಡುಗಿ ತಾನು ಅಂಚೆಚೀಟಿ ಕೂಡಿಡುತ್ತೇನೆಂದು ಬರೆಯುತ್ತಾಳಲ್ಲ, ಅಲ್ಲಿ ನನಗೆ ಕಸಿವಿಸಿ. ಕೈಯಲ್ಲಿರುವ ಭಾಷೆಗಿಂತ ಹೆಚ್ಚು ಉದ್ದ ಬೇಡಿದ್ದಕ್ಕೆ ಆಕೆ ಬೇರೆಯವರ ಬದುಕನ್ನು ಕಡ ತಂದಿದ್ದಾಳೆ. ತನ್ನ ಬಗ್ಗೆ ತಾನೇ ಸುಳ್ಳು ಸಾಕ್ಷಿ ಹೇಳಿದ್ದಾಳೆ. ಅದಕ್ಕೆ ನಾವು ಪೂರ್ತಿ ಅಂಕ ಕೊಡುತ್ತೇವೆ.

ಇದು ನಮ್ಮಲ್ಲಷ್ಟೇ ಇರುವ ರೋಗವಲ್ಲ. ಅಮೆರಿಕದ ಎಸ್‌ಎಟಿ ಪರೀಕ್ಷೆಗೆ 2005ರಲ್ಲಿ 25 ನಿಮಿಷದ ಪ್ರಬಂಧ ಸೇರಿತು. ಎಂಐಟಿಯ ಲೆಸ್ ಪೆರೆಲ್ಮನ್ ಮಾದರಿ ಉತ್ತರಗಳನ್ನು ನೋಡಿ, ಉದ್ದವಾದಷ್ಟೂ ಅಂಕ ಏರುತ್ತದೆ, ಸಂಗತಿ ತಪ್ಪಿದ್ದರೂ ನಡೆಯುತ್ತದೆ ಎಂದು ತೋರಿಸಿದರು. 2021ರಲ್ಲಿ ಆ ಪ್ರಬಂಧವನ್ನೇ ಕೈಬಿಟ್ಟರು.

ಹಾಗೆಂದು ಉದ್ದ ಹೇಳಲೇಬಾರದೆಂದರೆ ಬಡವರಿಗೇ ನಷ್ಟ. ಹೇಳದ ನಿಯಮ ಗೊತ್ತಾಗುವುದು ಟ್ಯೂಷನ್ನಿಗೆ ಹೋಗುವವರಿಗೆ. ಐಇಎಲ್‌ಟಿಎಸ್‌ನಲ್ಲಿ 40 ನಿಮಿಷ, ಕನಿಷ್ಠ 250 ಪದ ಎಂದು ಬರೆದೇ ಇರುತ್ತದೆ. ಯುಪಿಎಸ್‌ಸಿಯಲ್ಲಿ ಒಂದೊಂದು ಪ್ರಬಂಧಕ್ಕೆ 1000ದಿಂದ 1200 ಪದ. ಅದನ್ನು ಕನ್ನಡದಲ್ಲೂ ಬರೆಯಬಹುದು. ದೊಡ್ಡವರಿಗೆ ಇಷ್ಟು ಸ್ಪಷ್ಟವಾಗಿ ಹೇಳುವವರು ಹದಿನೈದರ ಮಕ್ಕಳಿಗೂ ಹೇಳಲಿ. ಆದರೆ ಮಕ್ಕಳಿಗೆ ಹೇಳಬೇಕಾದ್ದು ಮೇಲಿನ ಮಿತಿ: ಹನ್ನೆರಡು ವಾಕ್ಯ ಮೀರಬೇಡಿ ಎಂದು. ಮೂರೇ ವಾಕ್ಯ ಬರೆದವರನ್ನು ಹೇಗೆ ಅಳೆಯಲಿ ಎಂದು ಮೇಷ್ಟ್ರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮೂರು ವಾಕ್ಯದಲ್ಲಿ ಏನು ಹೇಳಿದೆಯೋ ಅದಕ್ಕೆ ಅಂಕ ಕೊಡಲಿ, ಹೇಳದೆ ಉಳಿದದ್ದಕ್ಕೆ ಬೇಡ. ತುಂಬಿಸಿದ ಪುಟಕ್ಕೂ ಅದೇ ತಕ್ಕಡಿ.

ಗದಗ–ವಾಡಿ ಹೊಸ ರೈಲು ಮಾರ್ಗ ಕವಲೊಡೆಯುವುದು ತಳಕಲ್ಲಿನಲ್ಲೇ. 2025ರಲ್ಲಿ ಕುಷ್ಟಗಿಯವರೆಗೆ ರೈಲು ಓಡತೊಡಗಿತು. ‘ರೈಲು ಪ್ರಯಾಣ’ ಎಂಬ ವಿಷಯ ಕೊಟ್ಟರೆ ಗೈಡಿನ ರೈಲು ಯಾವುದೋ ಗಿರಿಧಾಮ ಹತ್ತುತ್ತದೆ. ಕುಷ್ಟಗಿಯ ಅತ್ತೆ ಮನೆಗೆ ಮೊದಲ ಸಲ ಬಸ್ಸು ಬಿಟ್ಟು ರೈಲಿನಲ್ಲಿ ಹೋದ ಹುಡುಗಿ ಆರು ವಾಕ್ಯ ಬರೆದಾಳು: ಟಿಕೆಟ್ ಎಷ್ಟಾಯಿತು, ಕಿಟಕಿಯ ಪಕ್ಕ ಯಾರು ಕೂತರು, ಅಜ್ಜಿ ಯಾಕೆ ಹೆದರಿದಳು. ಅದರಲ್ಲಿ ಎರಡು ಕ್ರಿಯಾಪದ ತಪ್ಪಿದ್ದರೆ ಅದಕ್ಕೆ ಅಂಕ ಕಳೆಯಲಿ. ಸಾಲು ಕಡಿಮೆಯಾಯಿತೆಂದು ಕಳೆಯುವುದು ಬೇಡ.