ಯಾರ ಸಾಲ, ಯಾರಿಗೆ

ನಮ್ಮ ಸೊರಡಿಯ ಕಡೆ ಯಾರಾದರೂ ಒಳ್ಳೆಯದು ಮಾಡಿದರೆ ದಾನಮ್ಮನ ಹೆಸರು ಬಂದೇ ಬರುತ್ತದೆ. ಅವಳ ಗುಡಿ ಇರುವ ಗುಡ್ಡಾಪುರ ನಮ್ಮ ಜತ್ತ ತಾಲೂಕಿನದೇ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದವಳು ಕೊಟ್ಟು ಕೊಟ್ಟು ದಾನಮ್ಮನಾದಳು ಎಂದು ಕೇಳುತ್ತಲೇ ಬೆಳೆದವರು ನಾವು. ಹೀಗಾಗಿ ಸಕ್ಕರೆ ಕಾಯಿಲೆಯ ನನ್ನ ನಾಯಿ ಚೆನ್ನಿಗೆ ಮುಂಜಾನೆ ಸಂಜೆ ಇನ್ಸುಲಿನ್ ಕೊಡುವುದನ್ನು ನೋಡಿದವರು, ‘ದೊಡ್ಡ ಪುಣ್ಯಾದ ಕೆಲಸ ನೋಡ್ರಿ ಅಕ್ಕೋರ’ ಎನ್ನುತ್ತಾರೆ. ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ದಾನ ಮಾಡಬೇಕಾದರೆ ವಸ್ತು ಮೊದಲು ನನ್ನದಾಗಿರಬೇಕು. ಈ ಇನ್ಸುಲಿನ್ ನನ್ನದಲ್ಲ, ನಾಯಿಗಳಿಂದ ಬಂದ ಸಾಲ.

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ, ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯ ಮೇದೋಜೀರಕ ಗ್ರಂಥಿ ತೆಗೆದರು. ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಕಾಯಿಲೆಯ ಮೂಲ ಎಲ್ಲಿದೆ ಎಂಬುದು ತಿಳಿದದ್ದು ಹಾಗೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ಇನ್ಸುಲಿನ್ ಹುಡುಕಿದ್ದೂ ನಾಯಿಗಳ ಮೈಯಲ್ಲೇ. ಎಷ್ಟೋ ನಾಯಿಗಳು ಸತ್ತವು. ಮರುವರ್ಷ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಆ ಔಷಧದಿಂದ ಬದುಕಿದ. ನಮ್ಮೂರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರೂ ಅದೇ ದಾರಿಯಲ್ಲಿ ಬದುಕಿದವರು.

ಟೊರಾಂಟೊದ ನಾಯಿಯ ಸಾಲವನ್ನು ಸೊರಡಿಯ ನಾಯಿಗೆ ತೀರಿಸಿದರೆ ಸಂದೀತೇ? ಸಂದೀತು ಎಂದೇ ನನ್ನ ನಂಬಿಕೆ. ಹಿರಿಯರು ಹೇಳಿದ ಹಲವು ಋಣಗಳೂ ಹೀಗೇ ಇವೆ. ತಂದೆತಾಯಿಯ ಋಣ ತೀರುವುದು ಮಕ್ಕಳನ್ನು ಸಾಕಿ, ಗುರುವಿನ ಋಣ ತೀರುವುದು ಇನ್ನೊಬ್ಬರಿಗೆ ಕಲಿಸಿ. ಕನ್ನಡ ಶಾಲೆಯಲ್ಲಿ ಆಯುಷ್ಯ ಕಳೆದ ನನಗೆ ಇದು ಪುಸ್ತಕದ ಮಾತಲ್ಲ.

ಇನ್ಸುಲಿನ್ ತಂಪಾಗಿರಬೇಕು, ಆದರೆ ಬೇಸಿಗೆಯಲ್ಲಿ ಕರೆಂಟು ನಂಬುವಂತಿಲ್ಲ. ದೊಡ್ಡ ಗಡಿಗೆಯಲ್ಲಿ ಒದ್ದೆ ಉಸುಕು ತುಂಬಿ, ನಡುವೆ ಸಣ್ಣ ಗಡಿಗೆ ಹೂತು, ಅದರಲ್ಲಿ ಬಾಟಲಿ ಇಡುತ್ತೇನೆ. ಟ್ಯಾಂಕರಿನ ನೀರಲ್ಲೇ ಒಂದಿಷ್ಟು ಆ ಉಸುಕಿಗೆ. ಚೆನ್ನಿ ಉಂಡ ಮೇಲೆ ಬೆಳ್ಳಗಿನ ಔಷಧವನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಪಕ್ಕೆಯ ಸಡಿಲ ಚರ್ಮ ಎತ್ತಿ ಚುಚ್ಚುತ್ತೇನೆ. ಅವಳು ಉಣ್ಣದಿದ್ದರೆ ಡಾಕ್ಟರರನ್ನು ಕೇಳದೆ ಸೂಜಿ ಇಲ್ಲ. ಸಕ್ಕರೆ ತೀರ ಇಳಿದರೆ ಜೀವಕ್ಕೇ ಅಪಾಯ. ಚೆನ್ನಿಯ ಕಣ್ಣಿಗೆ ಪೊರೆ ಬಂದಿದೆ. ಆದರೂ ಗಡಿಗೆಯ ಮುಚ್ಚಳದ ಸದ್ದಿಗೇ ಬಂದು ನಿಲ್ಲುತ್ತಾಳೆ.

ಅದೇ ಗಡಿಗೆಯಲ್ಲಿ ಬಾಜೂ ಮನೆಯ ಕಾಕಾನ ಇನ್ಸುಲಿನ್ ಬಾಟಲಿಯೂ ಇದೆ. ಒಂದು ದಿನ ಅವರೇ ಕೇಳಿದರು: ‘ತಂಗಿ, ಮಂದಿಗೇ ಔಷಧಕ್ಕ ರೊಕ್ಕ ಇಲ್ಲ. ನಾಯಿಗೆ ಯಾಕವ್ವಾ?’ ಹಗುರಾದ ಪ್ರಶ್ನೆಯಲ್ಲ. ನಾನು ಮಾಡುತ್ತಿರುವುದು ದಾನವಾಗಿದ್ದರೆ ಸೋತೇಹೋಗುತ್ತಿದ್ದೆ. ದಾನ ಹೆಚ್ಚು ಹಸಿದವರಿಗೆ ಮೊದಲು ಸಲ್ಲಬೇಕು. ಆದರೆ ಊರಲ್ಲಿ ಬಡವರಿದ್ದಾರೆ ಎಂದು ಯಾರೂ ಸಾಲ ಕೊಟ್ಟವನಿಗೆ ಇಲ್ಲ ಎನ್ನುವುದಿಲ್ಲ. ಬಡವರನ್ನು ಬಿಡುವಂತೆಯೂ ಇಲ್ಲ. ಜತ್ತದ ಔಷಧ ಅಂಗಡಿಯಿಂದ ಇಬ್ಬರದನ್ನೂ ನಾನೇ ತರುತ್ತೇನೆ.

ನನ್ನನ್ನು ಕೊರೆಯುವುದು ಬೇರೆಯೇ. ದಾನಮ್ಮ ಮನಸಾರೆ ಕೊಟ್ಟಳು. ಆ ನಾಯಿಗಳು ಕೊಡಲಿಲ್ಲ, ಅವುಗಳಿಂದ ಕಸಿದುಕೊಂಡರು. ಕೇಳಿ ತಂದ ಸಾಲಕ್ಕೆ ಕೊನೆಯುಂಟು. ಕಸಿದು ತಂದದ್ದು ಎಷ್ಟು ಕೊಟ್ಟರೆ ತೀರೀತು? ಚೆನ್ನಿಯನ್ನೂ ನಾನು ಕೇಳಿ ಚುಚ್ಚುತ್ತಿಲ್ಲ. ಇಂದು ತಾನಾಗಿ ಬರುತ್ತಾಳೆ. ಅನ್ನ ಬಿಟ್ಟು, ಸೂಜಿಗೆ ಮುಖ ತಿರುಗಿಸುವ ದಿನ ಬಂದು, ಇನ್ನು ಚೇತರಿಕೆಯಿಲ್ಲ ಎಂದಾದರೆ ಅವಳ ಇಚ್ಛೆಯಂತೆಯೇ ಆಗಲಿ ಎಂದು ಡಾಕ್ಟರರಿಗೆ ಈಗಲೇ ಹೇಳಿಟ್ಟಿದ್ದೇನೆ.